ತೃಪ್ತಿ ಯಾರಿಗೆ, ಮುನ್ನಡೆ ಯಾರಿಗೆ? ಬ್ರಹ್ಮಗಿರಿಯ ಶಾಸನ ಮತ್ತು ಫಿಲಿಪ್ಪಿಯರ ಪತ್ರ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳ ಅಶೋಕ ಶಾಸನಗಳನ್ನು ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಚರಿತ್ರೆಕಾರರು ಅವನ್ನು ಮೌರ್ಯರ ದಕ್ಷಿಣದ ಗಡಿಗೆ ಸಾಕ್ಷಿಯೆಂದು ಓದುತ್ತಾರೆ. ಆಧ್ಯಾತ್ಮಿಕ ದೇವಶಾಸ್ತ್ರದ ವಿದ್ಯಾರ್ಥಿ ಅಲ್ಲಿ ಬೇರೊಂದನ್ನು ಓದಬಹುದು. ತಾನು ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಉಪಾಸಕನಾಗಿದ್ದರೂ ಮೊದಲ ಒಂದು ವರ್ಷ ಶ್ರದ್ಧೆಯಿಂದ ಶ್ರಮಿಸಲಿಲ್ಲವೆಂದು ಚಕ್ರವರ್ತಿಯೇ ಬಂಡೆಯ ಮೇಲೆ ಹೇಳಿಕೊಂಡಿದ್ದಾನೆ. ಸಾಧನೆಯ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವನೂ ಶ್ರಮಿಸಿದರೆ ಸ್ವರ್ಗವನ್ನು ಪಡೆಯಬಲ್ಲನೆಂಬುದು ಅವನ ಮುಂದಿನ ಮಾತು.

ಈ ಎರಡನೆಯ ಮಾತು ನಮ್ಮ ಪ್ರಬೋಧನೆಗಳನ್ನು ಕೆಣಕುತ್ತದೆ. ಗುರುಮಠದಲ್ಲಿ ನಾವು ಬೆಳವಣಿಗೆಯನ್ನು ಬೋಧಿಸುತ್ತೇವೆ. ಚಳ್ಳಕೆರೆಯ ಬಯಲಿನಲ್ಲಿ ಮಳೆ ನಂಬಿ ಶೇಂಗಾ ಬಿತ್ತುವವನಿಗೆ, ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವವಳಿಗೆ ತೃಪ್ತಿಯನ್ನು ಬೋಧಿಸಲು ಸಿದ್ಧರಾಗಿರುತ್ತೇವೆ. ತೃಪ್ತಿ ಸದ್ಗುಣವೇ ಹೌದು. ಆದರೆ ಉಳ್ಳವನು ಇಲ್ಲದವನಿಗೆ ಅದನ್ನು ವಿಧಿಸಿದಾಗ ಅದು ಸದ್ಗುಣವಾಗಿ ಉಳಿಯುವುದಿಲ್ಲ.

ಶಾಸನಕ್ಕೂ ಒಂದು ಮಿತಿಯಿದೆ: ಅಲ್ಲಿ ಎಲ್ಲವೂ ಪರಿಶ್ರಮದ ಫಲ. ಸಂತ ಪೌಲರು ಗುರಿಯತ್ತ ಮೈಚಾಚಿ ಓಡುವುದು ಕ್ರಿಸ್ತರು ತಮ್ಮನ್ನು ಈಗಾಗಲೇ ಹಿಡಿದುಕೊಂಡಿರುವುದರಿಂದ (ಫಿಲಿಪ್ಪಿ 3:12-14). ಹಿಡಿಯಲ್ಪಟ್ಟವನು ಓಡುತ್ತಾನೆ, ಸ್ಥಾನ ಗಳಿಸಲು ಅವನು ಓಡಬೇಕಾಗಿಲ್ಲ. ನಿಸ್ಸಾದ ಸಂತ ಗ್ರೆಗರಿಯವರು 'ಮೋಶೆಯ ಜೀವನ'ದಲ್ಲಿ ಈ ಮೈಚಾಚುವಿಕೆಯನ್ನೇ ವಿಸ್ತರಿಸುತ್ತಾರೆ: ದೇವರನ್ನು ಕಂಡ ಮೋಶೆ ಮತ್ತೂ ಕಾಣಬಯಸುತ್ತಾನೆ, ತಣಿದಷ್ಟೂ ಹಂಬಲ ಹಿಗ್ಗುತ್ತದೆ. ತೃಪ್ತಿ ಮತ್ತು ಬೆಳವಣಿಗೆಗಳನ್ನು ತಕ್ಕಡಿಯ ಎರಡು ತಟ್ಟೆಗಳಂತೆ ತೂಗುವ ಧ್ಯಾನಕೂಟದ ರೂಢಿ ಇಲ್ಲಿ ನಿಲ್ಲುವುದಿಲ್ಲ.

ಇನ್ನು ನಾಲ್ಕನೆಯ ಅಧ್ಯಾಯ. ಇದ್ದುದರಲ್ಲಿ ತೃಪ್ತನಾಗಿರಲು ಕಲಿತಿದ್ದೇನೆಂದು ಬರೆದವರು ಸೆರೆಯಲ್ಲಿದ್ದರು. ಕೊರತೆ ಅವರದೇ ಆಗಿತ್ತು, ಆ ಕಲಿಕೆಯೂ ಅವರದೇ. ಹಾಗೆ ಬರೆದೂ, ತಮ್ಮ ಕಷ್ಟದಲ್ಲಿ ಪಾಲುಗೊಂಡದ್ದು ಒಳ್ಳೆಯದಾಯಿತೆಂದು ಫಿಲಿಪ್ಪಿಯರಿಗೆ ಹೇಳುತ್ತಾರೆ (4:14). ಅವರು ಎಷ್ಟು ಸಲ ನೆರವು ಕಳುಹಿಸಿದರೆಂಬುದನ್ನೂ ನೆನೆಯುತ್ತಾರೆ. ಪಡೆಯುವವನು ತೃಪ್ತನೆಂಬ ಕಾರಣಕ್ಕೆ ಕೊಡುವವನ ಹೊಣೆ ಕಳೆಯಲಿಲ್ಲ. 'ಎ' ವರ್ಷದ ಸಾಮಾನ್ಯ ಕಾಲದ 28ನೆಯ ಭಾನುವಾರದ ಎರಡನೆಯ ವಾಚನ 14ನೆಯ ವಚನದಿಂದ ನೇರವಾಗಿ 19ಕ್ಕೆ ಜಿಗಿಯುತ್ತದೆ. ನೆರವಿನ ಲೆಕ್ಕವಿರುವ ಆ ನಾಲ್ಕು ವಚನಗಳನ್ನು ಅಂದು ಪ್ರಬೋಧಕನೇ ಓದಿ ಹೇಳಬೇಕಾಗುತ್ತದೆ.