ನೇತ್ರಾಣಿಗೆ ಹೊರಟ ಮೇಟಗಳ್ಳಿ

ಮೈಸೂರಿನ ಮೇಟಗಳ್ಳಿಯ ಕಾರ್ಖಾನೆಗಳಲ್ಲಿ ಶಿಫ್ಟಿನದೇ ದರ್ಬಾರು. ರಜೆ ಮೊದಲೇ ಮಂಜೂರಾಗಬೇಕು, ರೈಲಿನ ಟಿಕೆಟ್ ಅದಕ್ಕೂ ಮುಂಚೆ. ಹೀಗಾಗಿ ಇಲ್ಲಿಂದ ಮುರುಡೇಶ್ವರಕ್ಕೆ ಸ್ಕೂಬಾ ಡೈವಿಂಗಿಗೆ ಹೊರಡುವ ಗುಂಪು ಅರಬ್ಬಿ ಸಮುದ್ರಕ್ಕೂ ತಾನೇ ದಿನ ಗೊತ್ತುಮಾಡಿಬಿಡುತ್ತದೆ. ನನ್ನ ತಕರಾರು ಇಲ್ಲಿಂದಲೇ ಶುರು.

ಡೈವಿಂಗ್ ನಡೆಯುವ ನೇತ್ರಾಣಿ ಮುರುಡೇಶ್ವರದ ದಡದಿಂದ ಸುಮಾರು 19 ಕಿ.ಮೀ. ದೂರದ ದ್ವೀಪ. ಮಳೆಗಾಲದಲ್ಲಿ ಡೈವಿಂಗ್ ಬಂದ್. ಉಳಿದ ತಿಂಗಳಲ್ಲೂ ಗಾಳಿ, ಸೆಳೆತ, ನೀರಿನ ತಿಳಿ ಒಂದೊಂದು ದಿನ ಒಂದೊಂದು ಥರ. ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ (2022) ಚಿತ್ರದಲ್ಲಿ ಇಲ್ಲಿನ ಕಡಲಾಳ ನೋಡಿ ಹೊರಟವರಿಗೆ ಕಲಕಿದ ನೀರು ಮೋಸದಂತೆ ಕಾಣುತ್ತದೆ. ದೋಣಿಯವರು ‘ಇವತ್ತು ಬೇಡ’ ಅಂದರಂತೂ ಜಗಳವೇ. ಆ ‘ಬೇಡ’ಕ್ಕೆ ಜಾಗವಿಲ್ಲದ ಯೋಜನೆ ಬರೀ ಟಿಕೆಟ್ ಬುಕಿಂಗ್, ಅಷ್ಟೆ.

ಮೊದಲ ಸಲದವರ ಮಟ್ಟಿಗೆ ವ್ಯವಸ್ಥೆ ಪರವಾಗಿಲ್ಲ: ತರಬೇತುದಾರ ಜೊತೆಗೇ ಇರುತ್ತಾನೆ, 12 ಮೀಟರ್ ದಾಟಿಸುವುದಿಲ್ಲ. ಕೋರ್ಸ್ ಮುಗಿಸಿ ಇಬ್ಬಿಬ್ಬರಾಗಿ ಇಳಿಯುವವರದೇ ಚಿಂತೆ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಸಿಲಿಂಡರಿನ ಗಾಳಿಯೂ ಎರಡರಷ್ಟು ಬೇಗ ಖರ್ಚು. ಟೈರ್ ಕಾರ್ಖಾನೆ ಇರುವ ಊರಿನವರಿಗೆ ಗೇಜ್ ಓದುವುದು ಹೇಳಿಕೊಡಬೇಕಿಲ್ಲ. ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿಯೊಂದಿಗೆ ಇಳಿದವರು ಎಷ್ಟಕ್ಕೆ ತಿರುಗಬೇಕು, ಒಬ್ಬರಿಗೊಬ್ಬರು ಕಾಣದಾದರೆ ಒಂದು ನಿಮಿಷ ಹುಡುಕಿ ಇಬ್ಬರೂ ಮೇಲೆ ಬರಬೇಕು ಎಂಬುದೆಲ್ಲ ದೋಣಿಯಲ್ಲೇ ತೀರ್ಮಾನವಾಗಬೇಕು. ಆದರೆ ಆ ಹೊತ್ತು ಸೆಲ್ಫಿಗೆ ಹೋಗುತ್ತದೆ. ನೀರಿನಲ್ಲಿ ಹೆಬ್ಬೆರಳೆತ್ತಿದರೆ ‘ಮೇಲೆ ಹೋಗೋಣ’ ಎಂದರ್ಥ. ಖುಷಿಗೆ ಹೆಬ್ಬೆರಳೆತ್ತಿದವನನ್ನು ಜೊತೆಗಾರ ಮೇಲಕ್ಕೆ ಹೊರಡಿಸಿದರೆ ತಪ್ಪು ಯಾರದು?

ಸನ್ನೆ ಕಲಿತರೂ ಸಂಕೋಚ ಬಿಡಬೇಕಲ್ಲ. ಜೊತೆಗಾರ ಅದೇ ಡಿಪಾರ್ಟ್‌ಮೆಂಟಿನ ಹಿರಿಯ. ‘ಅಣ್ಣ ಏನಂದುಕೊಳ್ಳುತ್ತಾರೋ’ ಎಂದು ಕಿರಿಯ ತನ್ನ ಗಾಳಿ ಇಳಿದದ್ದನ್ನು ತೋರಿಸುವುದಿಲ್ಲ, ಕಿವಿ ನೋಯುತ್ತಿದ್ದರೂ ಹಿಂದೆಯೇ ಇಳಿಯುತ್ತಾನೆ. ಈ ರೋಗಕ್ಕೆ ಯಾವ ಕೋರ್ಸಿನಲ್ಲೂ ಮದ್ದಿಲ್ಲ. ಯಾರು ಬೇಕಾದರೂ, ಕಾರಣ ಹೇಳದೆ, ಡೈವ್ ನಿಲ್ಲಿಸಬಹುದು ಅನ್ನುವ ಮಾತನ್ನು ಅಣ್ಣನೇ ಮೊದಲು ಎತ್ತಬೇಕು.

ಮರಳುವ ದಾರಿಯ ಬಗ್ಗೆಯಂತೂ ಯಾರೂ ಯೋಚಿಸುವುದೇ ಇಲ್ಲ. ಮೈಸೂರು ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿದೆ. ಮಡಿಕೇರಿ ಮೇಲೆ ಬಂದರೆ ಸಾವಿರ ದಾಟಬೇಕು. ಆಳದಲ್ಲಿ ಮೈಗೆ ಸೇರಿದ ಸಾರಜನಕ ಎತ್ತರ ಏರಿದಂತೆ ಗುಳ್ಳೆಯಾಗುವ ಅಪಾಯ ಹೆಚ್ಚು. ವಿಮಾನ ಹತ್ತಲು ಒಂದು ಡೈವ್ ಆದರೆ 12 ಗಂಟೆ, ಹಲವಾದರೆ 18 ಗಂಟೆ ಕಾಯಿರಿ ಎನ್ನುವ ಸಲಹೆಯನ್ನು ಘಾಟಿ ಹತ್ತುವವರೂ ಪಾಲಿಸುವುದು ಒಳ್ಳೆಯದು. ಹಾಗಾಗಿ ರಜೆ ಅರ್ಜಿಯಲ್ಲೇ ಎರಡು ದಿನ ಹೆಚ್ಚು ಬರೆಯಿರಿ: ಒಂದು ಕಡಲು ಒಲ್ಲೆನೆಂದರೆ, ಇನ್ನೊಂದು ಮುರುಡೇಶ್ವರದಲ್ಲೇ ಮಲಗೆದ್ದು ಬರಲು.