ಬಿಗಿಯುವ ಮೊದಲು ಬಿಚ್ಚಬೇಕು

ತೆಳು ಟೈರಿನ ರೋಡ್ ಬೈಕು ಕಿರುಗುಟ್ಟತೊಡಗಿದಾಗ ಅದಕ್ಕೆ ನಡೆಯುವ ಉಪಚಾರ ಸಾಮಾನ್ಯವಾಗಿ ಎರಡು ಬಗೆಯದು. ಕಣ್ಣಿಗೆ ಬಿದ್ದ ಬೋಲ್ಟುಗಳನ್ನೆಲ್ಲ ಇನ್ನಷ್ಟು ಬಿಗಿಯುವುದು, ಇಲ್ಲವೇ ಬಾಟಮ್ ಬ್ರಾಕೆಟ್ (ಕ್ರಾಂಕಿನ ಆಕ್ಸಲ್ ತಿರುಗುವ ಬೇರಿಂಗು) ಹೋಗಿದೆ ಎಂದು ತೀರ್ಮಾನಿಸಿ ಹೊಸದನ್ನು ಕೂರಿಸುವುದು. ಮೊದಲನೆಯದು ಅಪಾಯ, ಎರಡನೆಯದು ದುಂದು. ಸದ್ದು ಎಲ್ಲಿಂದ ಹೊರಟಿತು ಎಂಬ ವಿಚಾರಣೆ ಎರಡರಲ್ಲೂ ಇಲ್ಲ. ಸೈಕಲ್ ರಿಪೇರಿಯಲ್ಲಿ ಬುದ್ಧಿಗೆ ನಿಜವಾದ ಕೆಲಸ ಕೊಡುವುದು ಈ ವಿಚಾರಣೆಯೇ. ಅದನ್ನೇ ನಾವು ಕೈಬಿಡುತ್ತಿದ್ದೇವೆ ಎಂಬುದು ನನ್ನ ತಕರಾರು.

ಶಾಂತಿಗ್ರಾಮದ ಸುತ್ತಮುತ್ತ ಸೈಕಲ್ ತುಳಿಯುವವರಿಗೆ ಈ ಸದ್ದು ತಪ್ಪಿದ್ದಲ್ಲ. ಬೆಂಗಳೂರು–ಹಾಸನ ಹೆದ್ದಾರಿಯ ಲಾರಿ, ಬಸ್ಸುಗಳ ಗದ್ದಲದಲ್ಲಿ ಅದು ಕೇಳಿಸುವುದೇ ಇಲ್ಲ. ಹೊಲಗಳ ನಡುವಿನ ರಸ್ತೆಗೆ ತಿರುಗಿ, ಒಂದು ಏರು ಎದುರಾಗಿ, ಸೀಟು ಬಿಟ್ಟೆದ್ದು ತುಳಿದಾಗ ಬಾಯಿಬಿಡುತ್ತದೆ. ಚನ್ನರಾಯಪಟ್ಟಣದ ಕಡೆಯ ತೆಂಗಿನ ಸೀಮೆಯಲ್ಲಿ ಬೇಸಿಗೆಯ ನುಣುಪು ಧೂಳು. ಅರಕಲಗೂಡಿನ ಕಡೆಗೆ ಹೋದರೆ ಮಲೆನಾಡಿನ ಅಂಚಿನ ಮಳೆ, ಹಿಂದಿನ ಚಕ್ರ ಎರಚುವ ಕೆಸರುನೀರು ನೇರ ಸೀಟ್ ಪಿಲ್ಲರಿನ ಬುಡಕ್ಕೆ. ಮಳೆ ಗ್ರೀಸನ್ನು ತೊಳೆಯುತ್ತದೆ, ಆ ಜಾಗಕ್ಕೆ ಧೂಳು ಬಂದು ಕೂರುತ್ತದೆ. ಹೀಗೆ ನೆನೆದು ಒಣಗಿದ ಸೈಕಲ್ಲು ಕಿರುಗುಟ್ಟುವುದಕ್ಕೆ ಯಾವ ಭಾಗವೂ ಕೆಡಬೇಕಾಗಿಲ್ಲ.

ಒತ್ತಿಕೊಂಡಿರುವ ಎರಡು ಒಣ ಮೈಗಳು ಭಾರ ಬಿದ್ದಾಗ ಕೂದಲೆಳೆಗಿಂತ ಕಡಿಮೆ ಜರುಗುತ್ತವೆ. ಮೊದಲು ಅಂಟಿ ನಿಲ್ಲುತ್ತವೆ, ಒತ್ತಡ ಮೀರಿದಾಗ ತಟ್ಟನೆ ಜಾರುತ್ತವೆ, ಮತ್ತೆ ಅಂಟಿಕೊಳ್ಳುತ್ತವೆ. ಪಿಟೀಲಿನ ತಂತಿಯ ಮೇಲೆ ಕಮಾನು ಮಾಡುವ ಕೆಲಸವೂ ಇದೇ. ಪಿಟೀಲಿಗೆ ಮರದ ಪೆಟ್ಟಿಗೆ ಇದ್ದಂತೆ ಇಲ್ಲಿ ಟೊಳ್ಳಾದ ಕಾರ್ಬನ್ ಫ್ರೇಮು ಇದೆ. ಸೀಟಿನ ಕೆಳಗೆ ಹುಟ್ಟಿದ ಸದ್ದು ಫ್ರೇಮಿನೊಳಗೆ ಹರಿದು ಪಾದದ ಹತ್ತಿರ ಕೇಳಿಸುತ್ತದೆ. ಕಿವಿ ಹೇಳಿದ್ದನ್ನೇ ನಂಬಿ ಬಾಟಮ್ ಬ್ರಾಕೆಟ್ ಮೇಲೆ ಆರೋಪ ಹೊರಿಸುವವರು ಎಡವುವುದು ಇಲ್ಲಿ.

ನಂಬಬೇಕಾದ್ದು ಲಯವನ್ನು. ಕ್ರಾಂಕಿನ ಸುತ್ತಿಗೊಮ್ಮೆ ಬಂದರೆ ಪೆಡಲು, ಕ್ರಾಂಕು, ಹಲ್ಲುಚಕ್ರದ ಬೋಲ್ಟು, ಬಾಟಮ್ ಬ್ರಾಕೆಟ್, ಸೀಟು ಇವುಗಳಲ್ಲಿ ಯಾವುದೋ ಒಂದು. ತುಳಿಯದೆ ಇಳಿಜಾರಿನಲ್ಲಿ ಬಿಟ್ಟಾಗಲೂ ಚಕ್ರದ ಸುತ್ತಿಗೆ ಸರಿಯಾಗಿ ಬಂದರೆ ಕಡ್ಡಿಗಳನ್ನು ಮುಟ್ಟಿ ನೋಡಬೇಕು. ಎದ್ದು ತುಳಿದಾಗ ನಿಂತುಹೋದರೆ ಸೀಟು ಅಥವಾ ಪಿಲ್ಲರು. ಎದ್ದಾಗಲೇ ಹೆಚ್ಚಾದರೆ ಮುಂದಿನ ಬ್ರೇಕ್ ಹಿಡಿದು ನಿಂತಲ್ಲೇ ಹ್ಯಾಂಡಲನ್ನು ಆಚೀಚೆ ಎಳೆದು ನೋಡಿ, ಹ್ಯಾಂಡಲನ್ನು ಹಿಡಿದಿರುವ ಸ್ಟೆಮ್ಮಿನ ಬಾಯಿಯಲ್ಲಿ ಸೇರಿಕೊಂಡ ಬೆವರಿನ ಉಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಹಿಂದಿನ ಚಕ್ರದ ಕ್ವಿಕ್ ರಿಲೀಸ್ ಮತ್ತು ಗೇರು ಬದಲಿಸುವ ಡಿರೈಲರನ್ನು ಹಿಡಿದಿರುವ ಹ್ಯಾಂಗರನ್ನು ಜನ ಮರೆತೇಬಿಡುತ್ತಾರೆ. ಕಾಸು ಖರ್ಚಿಲ್ಲದ ಜಾಗಗಳು ಅವು, ಆದ್ದರಿಂದ ಮೊದಲು ಅಲ್ಲಿಗೇ ಹೋಗಬೇಕು.

ಒಂದು ಸಲಕ್ಕೆ ಒಂದೇ ಬದಲಾವಣೆ. ಬಿಚ್ಚಿ, ಒರೆಸಿ, ಗ್ರೀಸ್ ಹಚ್ಚಿ, ಕೂರಿಸಿ, ಅದೇ ಏರಿನಲ್ಲಿ ಮತ್ತೆ ತುಳಿಯುವುದು. ನಾಲ್ಕು ಕಡೆ ಒಟ್ಟಿಗೆ ಕೈಹಾಕಿದರೂ ಸದ್ದು ನಿಲ್ಲಬಹುದು. ಆದರೆ ಯಾವುದರಿಂದ ನಿಂತಿತೆಂದು ತಿಳಿಯುವುದಿಲ್ಲ, ಮುಂದಿನ ಮಳೆಗಾಲಕ್ಕೆ ಎಲ್ಲ ಮೊದಲಿನಿಂದ. ಇನ್ನು ಅಂದಾಜಿನ ಬಿಗಿತದ ಮಾತು: ಪೆಡಲಿಗೆ 35ರಿಂದ 40 ನ್ಯೂಟನ್ ಮೀಟರ್ ಟಾರ್ಕ್ ಸಲ್ಲುತ್ತದೆ, ಸ್ಟೆಮ್ಮಿನ ಪುಟ್ಟ ಬೋಲ್ಟುಗಳಿಗೆ ಸಾಮಾನ್ಯವಾಗಿ 5ರ ಆಸುಪಾಸು. ಎರಡಕ್ಕೂ ಒಂದೇ ಕೈ ಹಾಕಿದರೆ ಕಾರ್ಬನ್ ಹ್ಯಾಂಡಲು ಒಳಗೊಳಗೇ ಸೀಳುತ್ತದೆ.

ಹಾಗೆಂದು ಬಾಟಮ್ ಬ್ರಾಕೆಟ್ ಯಾವಾಗಲೂ ನಿರ್ದೋಷಿ ಎನ್ನಲಾರೆ. ಇಲ್ಲಿ ತಯಾರಕರ ಪಾಲೂ ಇದೆ. ಹಳೆಯ ಬಿಎಸ್‌ಎ ಅಳತೆಯಲ್ಲಿ 68 ಮಿಲಿಮೀಟರ್ ಅಗಲದ ಚಿಪ್ಪಿನೊಳಗೆ ಥ್ರೆಡ್ ಇರುತ್ತದೆ, ಬೇರಿಂಗಿನ ಕಪ್ಪುಗಳು ತಿರುಗಿ ಬಿಗಿಯಾಗಿ ಕೂರುತ್ತವೆ, ಚೈನಿನ ಕಡೆಯದು ಉಲ್ಟಾ ಥ್ರೆಡ್. ಕ್ಯಾನನ್‌ಡೇಲ್ 2000ದಲ್ಲಿ ತಂದು 2006ರಲ್ಲಿ ಎಲ್ಲ ಕಂಪನಿಗಳಿಗೂ ಬಿಟ್ಟುಕೊಟ್ಟ ಬಿಬಿ30 ಪದ್ಧತಿ ಥ್ರೆಡ್ಡನ್ನೇ ತೆಗೆದುಹಾಕಿ, 42 ಮಿಲಿಮೀಟರ್ ರಂಧ್ರಕ್ಕೆ ಬೇರಿಂಗನ್ನು ನೇರವಾಗಿ ಒತ್ತಿ ಕೂರಿಸಿತು. 30 ಮಿಲಿಮೀಟರ್ ದಪ್ಪದ ಟೊಳ್ಳು ಆಕ್ಸಲ್, ಕಡಿಮೆ ತೂಕ, ಹೆಚ್ಚು ಗಡಸು. ಕಾಗದದ ಮೇಲೆ ಎಲ್ಲವೂ ಸರಿ. ಆದರೆ ಒತ್ತಿ ಕೂರಿಸುವ ಪದ್ಧತಿ ರಂಧ್ರದ ಅಳತೆಯಲ್ಲಿ ಕೂದಲಿನಷ್ಟು ತಪ್ಪನ್ನೂ ಸಹಿಸುವುದಿಲ್ಲ, ಸಾವಿರಗಟ್ಟಲೆ ಫ್ರೇಮು ತಯಾರಿಸುವ ಕಾರ್ಖಾನೆಯಲ್ಲಿ ಆ ನಿಖರತೆ ಪ್ರತಿಸಲ ಸಿಗುವುದಿಲ್ಲ. ಟ್ರೆಕ್ ಕಂಪನಿ ತನ್ನ ಡೊಮಾನೆ ಮಾದರಿಯಲ್ಲಿ ಥ್ರೆಡ್ ಇರುವ ಟಿ47ಕ್ಕೆ ಬಂದಿತು. ಕ್ಯಾನನ್‌ಡೇಲ್ ಕೂಡ 2023ರ ಸೂಪರ್‌ಸಿಕ್ಸ್ ಇವೋದಲ್ಲಿ ಬಿಎಸ್‌ಎಗೆ ಮರಳಿತು. ಒಂದು ವಿನ್ಯಾಸದ ಮೇಲೆ ಇದಕ್ಕಿಂತ ಸ್ಪಷ್ಟವಾದ ವಿಮರ್ಶೆ ಬೇಕೆ? ಕೆಲವು ಗ್ರಾಮಿನ ಉಳಿತಾಯಕ್ಕೆ ಇಷ್ಟು ವರ್ಷ ಸವಾರರು ತೆತ್ತ ಬೆಲೆ ನ್ಯಾಯವಾದದ್ದಲ್ಲ.

ನಮ್ಮ ಹಳ್ಳಿ ಅಂಗಡಿಗಳ ಓವರಾಯಿಲಿಂಗ್ ಪದ್ಧತಿಯನ್ನು ನಾನು ಗೌರವದಿಂದ ನೋಡುವುದು ಈ ಹಿನ್ನೆಲೆಯಲ್ಲಿ. ಅಟ್ಲಾಸು, ಹೀರೋ, ಹರ್ಕ್ಯುಲಿಸ್ ಕಾಲದಿಂದ ಅಲ್ಲಿನ ಕ್ರಮ ಒಂದೇ. ಕಾಟರ್ ಪಿನ್ ಹೊಡೆದು ತೆಗೆದು, ಆಕ್ಸಲ್ ಬಿಚ್ಚಿ, ಒಂದೊಂದು ಕಡೆಗೆ 11ರಂತೆ ಇರುವ ಕಾಲಂಗುಲದ ಬಾಲ್ಸುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸಿನಲ್ಲಿ ಕೂರಿಸುವುದು. ಸರ್ಕಾರ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಕೊಡತೊಡಗಿದ ಸೈಕಲ್ಲುಗಳೂ ಇಂಥದೇ ಕೈಗಳಿಗೆ ಬಂದವು. ಬಿಚ್ಚಿ ತೊಳೆದ ಮೇಲೇ ಬಿಗಿಯಬೇಕು ಎಂಬ ತಿಳಿವು ಆ ಕೈಗಳಲ್ಲಿದೆ, ರೋಡ್ ಬೈಕಿನ ಕಿರುಗುಡಿಕೆಗೂ ಬಹುಪಾಲು ಅದೇ ಮದ್ದು. ಆದರೆ ಸುತ್ತಿಗೆ ಇಲ್ಲಿಗೆ ಹೊಂದುವುದಿಲ್ಲ. ಕಾರ್ಬನ್ ಸೀಟ್ ಪಿಲ್ಲರಿಗೆ ಗ್ರೀಸ್ ಹಚ್ಚಿದರೆ ಅದು ಜಾರಿ ಕೆಳಗಿಳಿಯುತ್ತದೆ, ಸಣ್ಣ ಹರಳುಗಳಿರುವ ಕಾರ್ಬನ್ ಪೇಸ್ಟೇ ಬೇಕು. ಒಂದು ಟಾರ್ಕ್ ವ್ರೆಂಚು, ಒಂದು ಟ್ಯೂಬ್ ಪೇಸ್ಟು ಅಂಗಡಿಗೆ ಬಂದರೆ ಹಾಸನದ ಸವಾರ ಬೆಂಗಳೂರಿಗೆ ಸೈಕಲ್ ಹೊತ್ತೊಯ್ಯುವ ಅಗತ್ಯ ಎಷ್ಟೋ ಸಲ ಬೀಳುವುದಿಲ್ಲ.

ಈ ಇಡೀ ವಿಚಾರಣೆಗೆ ಹೊರತಾದ ಸಂದರ್ಭ ಒಂದಿದೆ. ಬಿದ್ದ ಮೇಲೆ, ಇಲ್ಲವೇ ದೊಡ್ಡ ಗುಂಡಿಗೆ ಚಕ್ರ ಇಳಿದ ಮೇಲೆ ಹೊಸದಾಗಿ ಹುಟ್ಟಿದ ಸದ್ದನ್ನು ಗ್ರೀಸಿನಿಂದ ಅಡಗಿಸಲು ಹೋಗಬಾರದು. ಆಗ ಫೋರ್ಕು, ಹೆಡ್ ಟ್ಯೂಬು, ಸ್ಟೆಮ್ಮಿನ ಸುತ್ತ ಬಟ್ಟೆಯಿಂದ ಒರೆಸಿ, ಬೆಳಕಿನಲ್ಲಿ ಬಿರುಕು ಹುಡುಕಬೇಕು. ನಾಣ್ಯದಿಂದ ಮೆಲ್ಲಗೆ ತಟ್ಟಿದಾಗ ಒಂದು ಕಡೆ ಮಾತ್ರ ಮಂಕು ಸದ್ದು ಬಂದರೆ ಸೈಕಲ್ಲನ್ನು ತಳ್ಳಿಕೊಂಡೇ ಮನೆಗೆ ಬರಬೇಕು.