ಎಲೆಯ ಮೇಲಿನ ಪಾಯಸಕ್ಕೆ ಬೀಗ

ವಿಡಿಯೋ ಆಟದ ವಿಚಾರವನ್ನು ಸಂಘದ ಮಾಸಿಕದಲ್ಲಿ ಎತ್ತಿಕೊಂಡುದಕ್ಕೆ ಹಿರಿಯ ವಾಚಕರು ಹುಬ್ಬೇರಿಸಬಹುದು. ಆಟ ಮಕ್ಕಳದಾದರೂ ಹಣ ಹಿರಿಯರದು. ಅದಕ್ಕಿಂತಲೂ ಮಿಗಿಲಾಗಿ, 'ಕೊಂಡೆ' ಎಂಬ ಮಾತಿಗೆ ನಾವು ಇದುವರೆಗೆ ತಿಳಿದಿದ್ದ ಅರ್ಥವನ್ನೇ ಈ ವ್ಯಾಪಾರ ಅಲುಗಾಡಿಸುತ್ತಿದೆ. ಆದ್ದರಿಂದ ಈ ನಾಲ್ಕು ಮಾತು.

ಹಲವು ವರ್ಷಗಳ ಹಿಂದೆ, ಓದಿಗಾಗಿ ನಮ್ಮ ಮಾಟುಂಗದ ಮನೆಯಲ್ಲಿದ್ದ ಅಕ್ಕನ ಮಗನಿಗೆ ಲ್ಯಾಮಿಂಗ್ಟನ್ ರಸ್ತೆಯಿಂದ ಒಂದು ಕಾಳಗದ ಆಟದ ಡಿಸ್ಕ್ ತಂದುಕೊಟ್ಟಿದ್ದೆವು. ನಮ್ಮಂಥ ಗುಮಾಸ್ತರ ಸಂಬಳಕ್ಕೆ ಅದೇನೂ ಸಣ್ಣ ಖರ್ಚಾಗಿರಲಿಲ್ಲ. ಎರಡು ದಿನ ಕಳೆಯುವಷ್ಟರಲ್ಲಿ ಹುಡುಗ ಮುಖ ಸಪ್ಪಗೆ ಮಾಡಿಕೊಂಡು ಬಂದ. "ಮಾಮ, ಇದರಲ್ಲಿ ಇನ್ನೂ ಕೆಲವರು ಫೈಟರ್‌ಗಳಿದ್ದಾರೆ. ಬೇರೆ ದುಡ್ಡು ಕಟ್ಟಿದರೆ ಮಾತ್ರ ಬರ್ತಾರಂತೆ."

"ಕಂಪೆನಿಯವರು ಆಮೇಲೆ ಕಳಿಸಿಕೊಡುತ್ತಾರೇನೋ?" ಎಂದೆವು.

"ಇಲ್ಲ ಮಾಮ, ಡಿಸ್ಕಿನಲ್ಲೇ ಇದ್ದಾರೆ. ಕೀಲಿ ಮಾತ್ರ ಅವರ ಹತ್ತಿರ."

ವಿಜ್ಞಾನ ಓದಿದ್ದ ನಮಗೂ ಇದು ಅರಗಲು ಸ್ವಲ್ಪ ಹೊತ್ತು ಹಿಡಿಯಿತು. ಡಿಸ್ಕಿನ ಮೇಲೆ ಅಚ್ಚಾಗಿರುವ ಮಾಹಿತಿಯೆಲ್ಲ ನಮ್ಮ ಮನೆಗೆ ಬಂದಾಗಿದೆ. ಹಣ ತೆತ್ತವನಿಗೆ ಆಮೇಲೆ ಬರುವುದು ಒಂದು ಪುಟ್ಟ ಕಡತ, 'ಇವನಿಗೆ ಬಾಗಿಲು ತೆರೆ' ಎಂಬ ಅಪ್ಪಣೆ ಚೀಟಿ, ಅಷ್ಟೇ.

ಇದು ನಮ್ಮ ಮನೆಯೊಂದರ ಗೋಳಲ್ಲ. ಜಪಾನಿನ ಕ್ಯಾಪ್ಕಾಮ್ ಕಂಪೆನಿ 2012ರ ಮಾರ್ಚಿನಲ್ಲಿ 'ಸ್ಟ್ರೀಟ್ ಫೈಟರ್ ಕ್ರಾಸ್ ಟೆಕ್ಕೆನ್' ಎಂಬ ಆಟವನ್ನು ಹೊರತಂದಾಗ ಜಗತ್ತಿನಾದ್ಯಂತ ಆಟಗಾರರು ಸಿಡಿದೆದ್ದರು. ಕುತೂಹಲಿಗಳು ಡಿಸ್ಕನ್ನು ಕೆದಕಿ ನೋಡಿದರೆ, 12 ಮಂದಿ ಹೋರಾಟಗಾರರು ಒಳಗೆ ಬೀಗ ಹಾಕಿಸಿಕೊಂಡು ಕುಳಿತಿದ್ದರು! ಅಮೆರಿಕದಲ್ಲಿ ಆಟದ ಬೆಲೆ 60 ಡಾಲರು. ಜುಲೈ ಕೊನೆಯಲ್ಲಿ ಈ 12 ಮಂದಿಯ ಬಿಡುಗಡೆಗೆ ಮತ್ತೆ 20 ಡಾಲರು. ಅಲ್ಲಿನ ಬೆಟರ್ ಬಿಸಿನೆಸ್ ಬ್ಯೂರೋಗೆ ದೂರುಗಳು ಹೋದವು. ಡಿಸ್ಕಿನಲ್ಲೇ ಇಟ್ಟು ತೆರೆಯುವುದಕ್ಕೂ ಆಮೇಲೆ ಇಳಿಸಿಕೊಳ್ಳುವುದಕ್ಕೂ ತಲಪಿಸುವ ದಾರಿಯ ಹೊರತು ಬೇರೆ ವ್ಯತ್ಯಾಸವಿಲ್ಲವೆಂಬುದು ಕಂಪೆನಿಯ ಸಮಾಧಾನ. ಮೊದಲೇ ಡಿಸ್ಕಿನಲ್ಲಿದ್ದರೆ ಕೊಂಡವರೂ ಕೊಳ್ಳದವರೂ ಒಟ್ಟಿಗೆ ಆಡಬಹುದು ಎಂದೂ ಅದು ಹೇಳಿತು. ಆದರೆ ಅದೇ ವರ್ಷ ಈ ಪದ್ಧತಿಯನ್ನು ಮರುಪರಿಶೀಲಿಸುವುದಾಗಿ ಒಪ್ಪಿಕೊಂಡಿತು. ಸೋನಿಯ ವೀಟಾ ಎಂಬ ಕೈಯಂತ್ರಕ್ಕಾಗಿ ಅಕ್ಟೋಬರಿನಲ್ಲಿ ಬಂದ ಆವೃತ್ತಿಯಲ್ಲಿ ಅದೇ 12 ಮಂದಿ ಆಟದೊಂದಿಗೇ ಸೇರಿ ಬಂದರು.

ಆಟಗಾರರೆಲ್ಲರದೂ ಒಂದೇ ಸ್ವರವೇನಲ್ಲ. 'ಡಿಸ್ಕ್ ನನ್ನದು, ಅದರಲ್ಲಿರುವುದೂ ನನ್ನದು' ಎಂಬುದು ಒಂದು ಪಕ್ಷ. 'ಹೆಚ್ಚುವರಿ ಪಾತ್ರಗಳಿಗೆ ಬೇರೆ ಶ್ರಮ, ಬೇರೆ ಖರ್ಚು ತಗಲಿದೆ. ಅದನ್ನು ಎಲ್ಲಿ ಅಚ್ಚು ಹಾಕಿದರೇನು?' ಎಂಬುದು ಇನ್ನೊಂದು. ಮೂರನೆಯವರು ವ್ಯವಹಾರಸ್ಥರು: ಕೊಟ್ಟ ಹಣಕ್ಕೆ ಮೂಲ ಆಟ ತುಂಬಿಕೊಂಡಿದ್ದರೆ ಸಾಕು, ಉಳಿದುದು ಬೇಕಾದವರಿಗೆ ಎನ್ನುವವರು.

ನಾವು ಮೊದಲು ಹುಡುಗನ ಪಕ್ಷವನ್ನೇ ಹಿಡಿದಿದ್ದೆವು. ಮಾಟುಂಗದ ಊಟದ ಮನೆಯಲ್ಲಿ ಸಿಹಿಗೆ ಬೇರೆ ದರವೆಂದು ಹಲಗೆಯ ಮೇಲೆ ಬರೆದಿದ್ದರೆ ಯಾರೂ ತಕರಾರೆತ್ತುವುದಿಲ್ಲ. ಪಾಯಸ ಅಡಿಗೆಮನೆಯಲ್ಲಿದೆ, ಬೇಕಾದವನು ಹೇಳಿ ತರಿಸಿಕೊಳ್ಳುತ್ತಾನೆ. ಆದರೆ ಪಾಯಸವನ್ನು ಬಟ್ಟಲಲ್ಲಿ ಹಾಕಿ, ಎಲೆಯ ಮೇಲಿಟ್ಟು, ಮುಚ್ಚಳಕ್ಕೆ ಬೀಗ ಜಡಿದು, ಅರ್ಧ ಊಟವಾದ ಮೇಲೆ ಬಂದು ಕೀಲಿಗೆ ಹಣ ಕೇಳಿದರೆ? ಕೈ ತೊಳೆದು ಎದ್ದು ಬರಬೇಕೆನಿಸುತ್ತದೆ.

ಹೀಗೆ ಹುಡುಗನ ಪರವಾಗಿ ಮಾತಾಡುತ್ತಿದ್ದಾಗ ನಮ್ಮ ತಾಯಿಯವರು ಟಿ.ವಿ.ಯ ಮುಂದೆ ಕನ್ನಡ ಧಾರಾವಾಹಿ ನೋಡುತ್ತಿದ್ದರು. ನಮ್ಮ ವಾದಕ್ಕೆ ಅಲ್ಲೇ ತಡೆ ಬಿತ್ತು! ಡಿ.ಟಿ.ಎಚ್. ಬುಟ್ಟಿಯ ಮೇಲೆ ಆಕಾಶದಿಂದ ಕನ್ನಡ, ಮರಾಠಿ, ತಮಿಳು ಎಲ್ಲ ವಾಹಿನಿಗಳೂ ಬೀಳುತ್ತಿರುತ್ತವೆ. ನಾವು ಹಣ ಕಟ್ಟಿದವುಗಳನ್ನಷ್ಟೇ ಪೆಟ್ಟಿಗೆ ಬಿಡಿಸಿ ತೋರಿಸುತ್ತದೆ. ಪರವೂರಿನಲ್ಲಿರುವ ನಾವು ತಾಯ್ನುಡಿ ಕೇಳಲು ಕನ್ನಡ ವಾಹಿನಿಗಳನ್ನು ಪ್ರತ್ಯೇಕವಾಗಿ ಆರಿಸಿಕೊಂಡು ತಿಂಗಳು ತಿಂಗಳೂ ದುಡ್ಡು ತೆರುತ್ತೇವೆ. ಮನೆಯೊಳಗೆ ಬಂದ ಕನ್ನಡಕ್ಕೂ ಬೀಗವಿದೆ; ಅದನ್ನು ಯಾರೂ ಮೋಸವೆನ್ನುವುದಿಲ್ಲ. ಹಾಗಾದರೆ ಡಿಸ್ಕಿನ ಬೀಗ ಮಾತ್ರ ಹೇಗೆ ಅನ್ಯಾಯ?

ಯೋಚಿಸಿದಾಗ ಎರಡು ವ್ಯತ್ಯಾಸಗಳು ಹೊಳೆದವು. ಮೊದಲನೆಯದಾಗಿ, ಆಕಾಶದ ತರಂಗವನ್ನು ನಾವು ಕೊಂಡಿಲ್ಲ. ತಿಂಗಳ ಮಟ್ಟಿಗೆ ನೋಡುವ ಹಕ್ಕನ್ನಷ್ಟೇ ಪಡೆದಿದ್ದೇವೆ. ಡಿಸ್ಕನ್ನಾದರೋ ಅಂಗಡಿಯಲ್ಲಿ ಎಣಿಸಿಕೊಟ್ಟು ಕೈಚೀಲದಲ್ಲಿ ತಂದಿದ್ದೇವೆ. ಎರಡನೆಯದು ಇನ್ನೂ ಮುಖ್ಯ. 2019ರಲ್ಲಿ ಜಾರಿಗೆ ಬಂದ ಟ್ರಾಯ್ ನಿಯಮಗಳಂತೆ ಪ್ರತಿಯೊಂದು ಪಾವತಿ ವಾಹಿನಿಗೂ ಬಿಡಿ ಬೆಲೆಯನ್ನು ಮುಂಚಿತವಾಗಿ ಸಾರಬೇಕು. ಯಾವುದಕ್ಕೆ ಎಷ್ಟೆಂದು ತಿಳಿದೇ ನಾವು ಆರಿಸುತ್ತೇವೆ. ನಾವು ತಂದ ಆಟದ ಪೆಟ್ಟಿಗೆಯ ಮೇಲೆ ಅಂಥ ಒಂದು ಸಾಲನ್ನೂ ನಾವು ಕಾಣಲಿಲ್ಲ. ಬಿಸ್ಕತ್ತಿನ ಪೊಟ್ಟಣದ ಮೇಲೂ ನಿವ್ವಳ ತೂಕ ಅಚ್ಚಾಗಿರಬೇಕೆನ್ನುವ ದೇಶ ನಮ್ಮದು. ಒಳಗಿರುವುದರಲ್ಲಿ ಎಷ್ಟು ಕೊಂಡವನದು, ಎಷ್ಟು ಅಲ್ಲ ಎಂಬುದನ್ನು ಡಿಸ್ಕಿನ ಮೇಲೂ ಹೇಳಬೇಡವೇ?

ಆದ್ದರಿಂದ ಬೀಗವಿರುವುದೇ ತಪ್ಪೆಂದು ನಾವು ಈಗ ಹೇಳಲಾರೆವು. ಬೀಗವನ್ನು ಮುಚ್ಚಿಟ್ಟು ಮಾರುವುದು ತಪ್ಪು. ದುಡಿದವನಿಗೆ ಕೂಲಿ ಸಲ್ಲಲಿ. ಆದರೆ ಕೊಳ್ಳುವವನಿಗೆ ಮೊದಲೇ ತಿಳಿದಿರಲಿ.

ಇನ್ನೊಂದು ಸಂಗತಿಯನ್ನು ಆ ದಿನಗಳಲ್ಲಿ ಯಾವ ಪಕ್ಷದವರೂ ಅಷ್ಟಾಗಿ ಎಣಿಸಿದಂತಿಲ್ಲ. ಎಕ್ಸ್‌ಬಾಕ್ಸ್ 360 ಯಂತ್ರದ ಅಂತರ್ಜಾಲ ಅಂಗಡಿಯನ್ನು ಮೈಕ್ರೋಸಾಫ್ಟ್ 2024ರ ಜುಲೈ 29ರಂದು ಮುಚ್ಚಿತು. ಮೊದಲೇ ಕೊಂಡವರು ತಮ್ಮದನ್ನು ಮತ್ತೆ ಇಳಿಸಿಕೊಳ್ಳಬಹುದು. ಹೊಸದಾಗಿ ಆ ಅಂಗಡಿಯಲ್ಲಿ ಏನನ್ನೂ ಕೊಳ್ಳುವಂತಿಲ್ಲ. ಇಂದು ಯಾರಾದರೂ ಹಳೆಯ ಡಿಸ್ಕೊಂದನ್ನು ಆ ಯಂತ್ರಕ್ಕೆ ಹಾಕಿದರೆ ಸ್ಥಿತಿ ಹೀಗಿರುತ್ತದೆ: ಡಿಸ್ಕ್ ಮನೆಯಲ್ಲಿದೆ, ಪಾತ್ರ ಡಿಸ್ಕಿನಲ್ಲಿದೆ, ಕಿಸೆಯಲ್ಲಿ ಹಣವೂ ಇದೆ, ಕೀಲಿ ಮಾರುವವನೇ ಇಲ್ಲ. 'ತಲಪಿಸುವ ದಾರಿಯಷ್ಟೇ ಬೇರೆ' ಎಂಬ ಸಮಾಧಾನ ಇಲ್ಲಿ ಎಷ್ಟು ಪೊಳ್ಳೆಂದು ಕಾಣುತ್ತದೆ! ಅಂಗಡಿ ಮುಚ್ಚುವ ದಿನ ಬೀಗಗಳನ್ನು ತೆಗೆದುಬಿಡುವುದು ಮಾರುವವನಿಗೆ ದೊಡ್ಡ ನಷ್ಟವೇನೂ ಅಲ್ಲ; ಮರ್ಯಾದೆಯ ಮಾತು ಅಷ್ಟೇ.

ಈ ಬೀಗ ಆಟಕ್ಕಷ್ಟೇ ನಿಂತಿಲ್ಲ. ಕಾರಿನಲ್ಲಿ ಅಳವಡಿಸಿಯೇ ಇರುವ ಆಸನದ ಬಿಸಿಗೆ ತಿಂಗಳ ಶುಲ್ಕ ಕೇಳಲು ಹೋದ ಬಿ.ಎಂ.ಡಬ್ಲ್ಯು. ಕಂಪೆನಿ, 2022ರಲ್ಲಿ ಗ್ರಾಹಕರ ಸಿಟ್ಟನ್ನು ಕಂಡು ಮರುವರ್ಷ ಅದನ್ನು ಕೈಬಿಟ್ಟಿತು. ಬಳಕೆದಾರ ಗಟ್ಟಿಯಾಗಿ ಕೇಳಿದರೆ ಕಿವಿಗೊಡುವವರಿದ್ದಾರೆ ಎಂಬುದಕ್ಕೆ ಇದೇ ಸಾಕ್ಷಿ.

ಅಕ್ಕನ ಮಗ ಈಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ. ಆ ಡಿಸ್ಕ್ ನಮ್ಮ ಕಪಾಟಿನಲ್ಲೇ ಉಳಿದಿದೆ. ಅಂದು ಅವನಿಗೆ ಕೀಲಿ ಕೊಡಿಸಲಿಲ್ಲ. ದುಡ್ಡಿಗಿಂತ ಹಟ ಹೆಚ್ಚಾಗಿತ್ತು. ಈಗ ನಮ್ಮ ಮಗಳು ಆಟ ಬೇಕೆಂದಾಗಲೆಲ್ಲ ಮೊದಲು ಒಂದು ಪ್ರಶ್ನೆ ಕೇಳುತ್ತೇವೆ: "ಇದರಲ್ಲಿ ನಮ್ಮದು ಎಷ್ಟು, ಬೀಗದ್ದು ಎಷ್ಟು?" ವಾಚಕರೂ ಅಂಗಡಿಯ ಕಟ್ಟೆಯಲ್ಲಿ ಹಣ ತೆಗೆಯುವ ಮುನ್ನ ಇದನ್ನು ಕೇಳುವಂತಾದರೆ ಈ ಬರಹ ಸಾರ್ಥಕ.